ಐದು ಹೆಡೆಯ ರೈಲು

ಏಪ್ರಿಲ್ 27, 2014. ಭಾನುವಾರ

ಬೆಳಗ್ಗೆ ನಲ್ಲಿಯಲ್ಲಿ ನೀರಿಲ್ಲ. ಡೋಂಬಿವಲಿಯಲ್ಲಿ ಇದೇನೂ ಹೊಸತಲ್ಲ. ಕೆಳಗಿನಿಂದ ಎರಡು ಬಕೆಟ್ ತಂದೆ. ಬರುವಷ್ಟರಲ್ಲಿ ಮನೆಯಲ್ಲಿ ಒಂದು ನಾಟಕ.

ಪೇಪರಿನ ಒಳಗಿಂದ ಬಣ್ಣದ ಪ್ಯಾಂಪ್ಲೆಟ್ ಬಿದ್ದಿತ್ತು. ಖೋಪೋಲಿ ಕಡೆ ಹೊಸ ಪಾರ್ಕ್ ಆಗಿದೆಯಂತೆ. ಅಲ್ಲಿನ ರೋಲರ್ ಕೋಸ್ಟರಿನ ಹೆಸರು 'ನಾಗಲೋಕ'. ರೈಲಿನ ಮುಂದೆ ಐದು ಹೆಡೆ, ಕೆಂಪು ಕಣ್ಣು. ಹಿಂದೆ ಕೂತವರೆಲ್ಲ ಬಾಯಿ ತೆರೆದು ಕಿರುಚುತ್ತಿರುವ ಚಿತ್ರ. ಅತ್ತೆ ಕತ್ತರಿ ತಂದು, ಕಿರುಚುವವರನ್ನೆಲ್ಲ ಕತ್ತರಿಸಿ ಬಿಸಾಡಿ, ಹೆಡೆ ಮಾತ್ರ ದೇವರ ಸ್ಟ್ಯಾಂಡಿನಲ್ಲಿ ಸುಬ್ರಹ್ಮಣ್ಯನ ಫೋಟೋದ ಪಕ್ಕ ಇಟ್ಟು ಕುಂಕುಮವನ್ನೂ ಹಚ್ಚಿ ಆಗಿತ್ತು.

"ಅತ್ತೆ, ಅದು ಮಕ್ಕಳ ಆಟದ ರೈಲು."

"ಆಟವೋ ಗೀಟವೋ. ನಾಗ ಅಂದ್ರೆ ನಾಗನೇ. ಕಸಕ್ಕೆ ಹಾಕ್ಲಿಕ್ಕಾಗ್ತದಾ?"

ತೃಪ್ತಿ ಫಕ್ಕನೆ ನಕ್ಕಳು. ನಾನೂ ನಕ್ಕೆ. ನಮ್ಮಿಬ್ಬರ ಕಣ್ಣು ಸೇರಿತು. ಕೂಡಲೇ ಅವಳು ನಗು ನಿಲ್ಲಿಸಿದಳು.

ನಾನು ಈ ಮನೆಗೆ ಬಂದು ಐದು ತಿಂಗಳು. ಮೂವತ್ತೇಳಕ್ಕೆ ನನ್ನ ಮದುವೆ. ಇವರಿಗೆ ಎರಡನೆಯದು. ಮೊದಲ ಹೆಂಡತಿ ಜಯಲತಾ ತೀರಿಕೊಂಡಾಗ ತೃಪ್ತಿಗೆ ಎಂಟು ವರ್ಷ, ಈಗ ಹನ್ನೆರಡು ದಾಟಿದೆ. ಅಷ್ಟೂ ವರ್ಷ ಸಾಕಿದ್ದು ಅತ್ತೆ. ಹುಡುಗಿ ನನ್ನನ್ನು ಏನಂತಲೂ ಕರೆಯುವುದಿಲ್ಲ. ಏನಾದರೂ ಬೇಕಿದ್ದರೆ ಹತ್ತಿರ ಬಂದು ನಿಂತು ಕೆಮ್ಮುತ್ತಾಳೆ. ಮನೆಯಲ್ಲಿ ಎಲ್ಲರ ಮಾತು ತುಳು. ನನ್ನ ಹತ್ತಿರ ಮಾತ್ರ ಅವಳದ್ದು ಹಿಂದಿ, ಬ್ಯಾಂಕಿನವರ ಹತ್ತಿರ ಮಾತಾಡಿದ ಹಾಗೆ.

ಮೇ 4

ಅತ್ತೆ ಊರಿಗೆ ಹೊರಟಿದ್ದಾರೆ. ಕಿನ್ನಿಗೋಳಿಯಲ್ಲಿ ಮಗಳ ಮನೆ ಉಂಟು. "ಸೊಸೆ ಬಂದಾಯ್ತು. ಇನ್ನು ನನ್ನ ಡ್ಯೂಟಿ ಮುಗೀತು" ಅಂದರು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಹುಡುಗಿಯನ್ನೂ ಕರ್ಕೊಂಡು ಹೋಗ್ತೇನೆ. ಅಲ್ಲಿ ಶಾಲೆ ಇಲ್ವಾ? ಇಲ್ಲಿ ಅದು ಯಾರ ಹತ್ತಿರ ಬಾಯಿ ಬಿಡ್ತದೆ?"

ನನ್ನೆದುರೇ ಹೇಳಿದರು. ಸಿಟ್ಟು ಬಂತು. ಆದರೆ ಸುಳ್ಳೇನೂ ಹೇಳಲಿಲ್ಲವಲ್ಲ.

ಇವರು ಮೇ 31ರ ಮತ್ಸ್ಯಗಂಧ ರೈಲಿಗೆ ಎರಡು ಟಿಕೆಟ್ ತೆಗೆದರು. "ಇರಲಿ, ಬೇಡ ಅಂದ್ರೆ ಒಂದು ಕ್ಯಾನ್ಸಲ್ ಮಾಡುವ" ಅಂದರು. ಹೋಟೆಲ್ ಮ್ಯಾನೇಜರ್ ಬುದ್ಧಿ, ಟೇಬಲ್ ಮೊದಲು ಹಿಡಿದಿಡುವುದು. ತೃಪ್ತಿಯನ್ನೇ ಕೇಳಿದರು. ಯೋಚನೆ ಮಾಡಿ ಹೇಳ್ತೇನೆ ಅಂದಳಂತೆ. ಅದಕ್ಕೆ ಮೊದಲು ಆ ನಾಗಲೋಕದಲ್ಲಿ ಒಮ್ಮೆ ಕೂರಬೇಕಂತೆ.

ಇವರು ಎಂದಿನಂತೆ "ನೋಡುವ" ಅಂದರು. ಅಡುಗೆಮನೆಯಲ್ಲಿ ಹಿಡಿದೆ. "ನೋಡುವುದೆಲ್ಲ ಬೇಡ. ಸೀವುಡ್ಸ್‌ನ ನಿಮ್ಮ ಹೋಟೆಲ್ ಒಂದು ದಿನ ನೀವಿಲ್ಲದೆ ಮುಳುಗುವುದಿಲ್ಲ. ರಜೆ ಹಾಕಿ." 20ನೇ ತಾರೀಕು ಅಂತ ಆಯಿತು.

ಅವಳು ಇಲ್ಲೇ ಇರಲಿ ಅಂತ ನನಗೆ ಆಸೆ. ಬಾಯಿ ಬಿಟ್ಟು ಯಾರಿಗೂ ಹೇಳಿಲ್ಲ. ನಿದ್ದೆಯಲ್ಲಿ ನನ್ನ ನೈಟಿಯ ತುದಿ ಹಿಡಿದುಕೊಳ್ಳುತ್ತಾಳೆ. ಬೆಳಗ್ಗೆ ಎದ್ದವಳೇ ಏನೂ ಆಗದವರ ಹಾಗೆ ಬಿಟ್ಟು ಹೋಗುತ್ತಾಳೆ. ಆ ಹೊತ್ತು ಬರುವವರೆಗೆ ನಾನು ಮಗ್ಗುಲು ಬದಲಿಸುವುದಿಲ್ಲ.

ಮೇ 17

ಕ್ಯಾಲೆಂಡರ್ ನೋಡಿ ತಲೆ ಬಿಸಿ. ನನ್ನ ತಾರೀಕು ಸರಿಯಾಗಿ ಪಾರ್ಕಿನ ದಿನಕ್ಕೇ ಬಂದು ಕೂತಿದೆ.

ಈ ಮನೆಯಲ್ಲಿ ಆ ಮೂರು ದಿನ ನಾನು ಹೊರಗೆ. ಇರುವುದು ಒಂದು ರೂಮು, ಒಂದು ಕಿಚನ್, ಹೊರಗೆ ಅಂದರೆ ಎಲ್ಲಿ? ಬಾಲ್ಕನಿ ಬಾಗಿಲಿನ ಹತ್ತಿರ ಒಂದು ಚಾಪೆ. ತಟ್ಟೆ ಬೇರೆ, ಲೋಟ ಬೇರೆ. ಹೀಗೆ ಕೂತವಳು ಠಾಕುರ್ಲಿಯ ಕೋಚಿಂಗ್ ಕ್ಲಾಸಿಗೆ ಹೋಗಿ ಆಫೀಸಿನ ಕೆಲಸ ಮಾಡಬಹುದು, ಲೋಕಲಿನಲ್ಲಿ ನೂರು ಜನರಿಗೆ ತಾಗಬಹುದು, ದೇವರ ಸ್ಟ್ಯಾಂಡಿನ ಕಡೆ ಮಾತ್ರ ಸುಳಿಯುವ ಹಾಗಿಲ್ಲ. ಅದರಲ್ಲೂ ನಾಗನ ವಿಷಯದಲ್ಲಿ ಅತ್ತೆ ಬಹಳ ಕಟ್ಟುನಿಟ್ಟು. ಹೋದ ತಿಂಗಳು ತೃಪ್ತಿ ನನಗೆ ಚಹಾ ತಂದಳು. ಲೋಟವನ್ನು ನೆಲದ ಮೇಲಿಟ್ಟು ತನ್ನ ಫುಟ್‌ಪಟ್ಟಿಯಿಂದ, ಅಂದರೆ ಶಾಲೆಯ ಸ್ಕೇಲಿನಿಂದ, ಮೆಲ್ಲಗೆ ನನ್ನ ಕಡೆಗೆ ದೂಡಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಈಗ ಅತ್ತೆಗೆ ಗೊತ್ತಾದರೆ ಮುಗಿಯಿತು. "ಹೊರಗಾದವಳು ನಾಗನ ಮೇಲೆ ಕೂರುವುದಾ?" ಪಾರ್ಕ್ ಕ್ಯಾನ್ಸಲ್. ಆಮೇಲೆ 31ಕ್ಕೆ ಹುಡುಗಿ ಹೊರಟೇ ಹೋಗುತ್ತಾಳೆ…

ಮೇ 19

ಆಯಿತು. ಹೇಳಲಿಲ್ಲ.

ನಾಗಪ್ಪಾ, ಒಂದೆರಡು ದಿನದ ಮಟ್ಟಿಗೆ ಕಣ್ಣು ಮುಚ್ಚಿಕೋ ಮಾರಾಯ. ಅಡುಗೆಯನ್ನೂ ಮಾಡಿದೆ. ಹೆದರಿಕೆಯಲ್ಲಿ ಸಾಂಬಾರಿಗೆ ಎರಡು ಸಲ ಉಪ್ಪು. ಅತ್ತೆ ಮುಖ ಸಿಂಡರಿಸಿಕೊಂಡು ಉಂಡರು.

ಮೇ 20, ಮಂಗಳವಾರ

ಬರೆಯಲು ಕೈಯಲ್ಲಿ ಶಕ್ತಿ ಇಲ್ಲ. ಆದರೂ ಬರೆಯಬೇಕು.

ಬೆಳಗಿನ ಖೋಪೋಲಿ ಲೋಕಲ್. ಅತ್ತೆ ಬರಲಿಲ್ಲ — "ನನ್ನ ಸೊಂಟ ಇನ್ನೂ ನನಗೆ ಬೇಕು." ಇವರ ಕೈಯಲ್ಲಿ ಹೋಟೆಲಿನ ಇಡ್ಲಿ ಡಬ್ಬ. ಪಾರ್ಕಿನ ಗೇಟಿನಲ್ಲಿ ತಡೆದರು, ಹೊರಗಿನ ತಿಂಡಿ ಬಿಡುವುದಿಲ್ಲವಂತೆ. ಇಪ್ಪತ್ತು ವರ್ಷ ಬಡಿಸಿದ ಮನುಷ್ಯನಿಗೆ ಇಡ್ಲಿ ಬಿಸಾಡಲು ಮನಸ್ಸು ಬರುತ್ತದೆಯೇ? ಅಲ್ಲೇ ನಿಂತು ಸೆಕ್ಯುರಿಟಿಯವರಿಗೆಲ್ಲ ಹಂಚಿದರು. "ಔರ್ ಏಕ್ ಲೋ ಭಾವ್, ಚಟ್ನಿ ಭೀ ಲೋ." ತೃಪ್ತಿ ನಾಚಿಕೆಯಿಂದ ದೂರ ಹೋಗಿ ನಿಂತಳು. ನಾನೂ ಅವಳ ಜೊತೆ ಹೋಗಿ ಇವರು ಯಾರೋ ಎಂಬಂತೆ ನಿಂತೆ.

ನಾಗಲೋಕದ ಎದುರು ಆಳೆತ್ತರದ ಸಿಮೆಂಟಿನ ಹೆಡೆ. ಫೋಟೋ ತೆಗೆಸಿಕೊಳ್ಳುವವರಿಗಾಗಿ. ನಾನು ಕೈ ಇಟ್ಟೆ, ಆಮೇಲೆ ತೃಪ್ತಿಯೂ ಇಟ್ಟಳು. ಇವರು ಮೊಬೈಲಿನಲ್ಲಿ ತೆಗೆದರು. ನನಗೆ ಒಳಗೊಳಗೇ ಅಳುಕು. ಮನಸ್ಸಿನಲ್ಲೇ ತಪ್ಪಾಯಿತು ಅಂದುಕೊಂಡೆ.

ತೃಪ್ತಿ ಟಾಯ್ಲೆಟ್ಟಿಗೆ ಹೋಗಿ ಬಂದಳು. ಬಂದವಳ ಮುಖ ಇಷ್ಟು ಸಣ್ಣಗಾಗಿತ್ತು. ಹತ್ತಿರ ಬಂದು ಕೆಮ್ಮಿ ನನ್ನ ದುಪಟ್ಟಾ ಕೇಳಿದಳು. ಕೊಟ್ಟೆ. ಸೊಂಟಕ್ಕೆ ಕಟ್ಟಿಕೊಂಡಳು. ಸ್ಟೈಲ್ ಇರಬೇಕು ಅಂದುಕೊಂಡೆ. ಮಂಕು ನಾನು!

ಲೈನಿನಲ್ಲಿ ತುಂಬಾ ಹೊತ್ತು ನಿಂತೆವು. ಎರಡೂ ಕಡೆ ಬಂಡೆಯ ಗೋಡೆ, ಸ್ಪೀಕರಿನಿಂದ ಬುಸ್ ಬುಸ್ ಸದ್ದು. ಕೊನೆಗೆ ನಮ್ಮ ಸರದಿ. ಚಪ್ಪಲಿ ಬಿಚ್ಚಿ ಅಂದ ಅಲ್ಲಿನವನು, ಹಾರಿ ಹೋಗುತ್ತವಂತೆ. ಇವರು ಚಪ್ಪಲಿ ಬಿಟ್ಟು, ಹೆಡೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದಿನವರು ಕಿಸಕ್ಕೆಂದರು.

ಆಗ ತೃಪ್ತಿ ಇವರ ಶರ್ಟನ್ನು ಹಿಡಿದು ಜಗ್ಗಿದಳು. "ಪಪ್ಪ, ಹತ್ಬೇಡಿ. ನಾನೂ ಹತ್ತುವುದಿಲ್ಲ."

"ಎಂತಾಯ್ತು ನಿನಗೆ? ಇಷ್ಟು ದಿನ ತಲೆ ತಿಂದದ್ದು ಇದಕ್ಕೇ ಅಲ್ವಾ?"

"ಬೇಡ ಅಂದ್ರೆ ಬೇಡ!" ಕಣ್ಣಿನಿಂದ ಸುರಿಯುತ್ತಿದೆ. ಹಿಂದಿನವರು "ಚಲಾ, ಚಲಾ" ಅನ್ನುತ್ತಿದ್ದಾರೆ. ಇವರ ಸಿಟ್ಟು ನೆತ್ತಿಗೇರಿತು. ನನಗೆ ಮಾತ್ರ ಒಂದು ಹೊಳೆಯಿತು. ಎತ್ತರಕ್ಕೆ ಹೆದರಿದ ಮಗು ಅಪ್ಪನ ಶರ್ಟು ಹಿಡಿದು ಅಪ್ಪನನ್ನು ಯಾಕೆ ತಡೆಯುತ್ತದೆ? "ನೀವು ಕೆಳಗೆ ಹೋಗಿ ಬ್ಯಾಗ್ ಹಿಡ್ಕೊಂಡು ನಿಲ್ಲಿ" ಅಂತ ಇವರನ್ನು ಕಳಿಸಿದೆ. ತೃಪ್ತಿಯ ಕೈ ಹಿಡಿದು ಪಕ್ಕದ ಬಾಗಿಲಿನಿಂದ ಹೊರಗೆ, ಸೀದಾ ಲೇಡೀಸ್ ಟಾಯ್ಲೆಟ್ಟಿಗೆ.

ಅಲ್ಲಿ ಹೇಳಿದಳು. ತುಳುವಿನಲ್ಲಿ. ನನ್ನ ಹತ್ತಿರ ಮೊದಲ ಸಲ.

"ನಾನು ಹೊರಗಾಗಿದ್ದೇನೆ. ಗೊತ್ತಿಲ್ಲದೆ ನಾಗನನ್ನು ಮುಟ್ಟಿದೆ. ಇನ್ನು ಪಪ್ಪನಿಗೆ ಏನಾದ್ರೂ ಆಗ್ತದೆ."

"ಯಾರು ಹೇಳಿದ್ದು ನಿನಗೆ?"

"ಮಮ್ಮಿಗೆ ಆದದ್ದು ಹಾಗೇ. ಊರಲ್ಲಿ ಹೊರಗಿದ್ದಾಗ ನಾಗಬನದ ಹತ್ತಿರ ಹೋಗಿದ್ರಂತೆ. ಅದಕ್ಕೇ ನಾಗ ಬಿಡಲಿಲ್ಲ ಅಂತ ಅಜ್ಜಿ ಕೆಳಗಿನ ಮನೆ ಚಂದವ್ವನ ಹತ್ತಿರ ಹೇಳ್ತಿದ್ರು. ನಾನು ಮೆಟ್ಟಿಲಲ್ಲಿದ್ದೆ."

ನಾಲ್ಕು ವರ್ಷ. ಎಂಟು ವರ್ಷದ ಮಗು ಇದನ್ನು ಕೇಳಿಸಿಕೊಂಡು, ಹೊಟ್ಟೆಯಲ್ಲಿಟ್ಟುಕೊಂಡು, ಶಾಲೆಗೆ ಹೋಗಿ ಬಂದು ಮಾಡಿದೆ. ನಾಗ ಸುಳ್ಳು ಅನ್ನಲು ನನ್ನಿಂದ ಆಗದು. ನಾನೂ ಕೈ ಮುಗಿಯುವವಳೇ. ಬ್ಯಾಗಿನಿಂದ ಪ್ಯಾಡ್ ತೆಗೆದು ಕೊಟ್ಟು, ಹೇಗೆ ಅಂತ ಹೇಳಿದೆ. ಬಾಗಿಲ ಹೊರಗೆ ನಿಂತೆ.

ಹೊರಗೆ ಬಂದವಳು ಕೇಳಿದಳು, "ಇದು ನಿಮ್ಮ ಬ್ಯಾಗಲ್ಲಿ ಹೇಗೆ?"

"ನಾನೂ ಹೊರಗೆ. ನಿನ್ನೆಯಿಂದ. ನಿನ್ನಜ್ಜಿಗೆ ಹೇಳಿದ್ದರೆ ಇವತ್ತು ಪಾರ್ಕೂ ಇಲ್ಲ, ಗೀರ್ಕೂ ಇಲ್ಲ."

ಬಾಯಿ ತೆರೆದು ನೋಡಿದಳು.

"ಹೆಡೆಗೆ ಮೊದಲು ಕೈ ಇಟ್ಟದ್ದು ಯಾರು? ನಾನು. ನಾಗ ಹಿಡಿಯುವುದಾದರೆ ಮೊದಲು ನನ್ನನ್ನು ಹಿಡೀಬೇಕು. ಪಪ್ಪ ಎಲ್ಲೋ ಹಿಂದೆ. ನಾಗನೂ ಲೈನಿನಲ್ಲೇ ಬರಲಿ."

ಅಳುವಿನ ನಡುವೆ ಒಂದು ನಗು ಹಾರಿತು, ಮೂಗಿನಿಂದ. ಮುಖ ತೊಳೆಸಿದೆ.

"ನಿನ್ನ ಮಮ್ಮಿಗೆ ಆದದ್ದು ಕಾಮಾಲೆ, ಮಗಾ. ಪಪ್ಪನೇ ನನಗೆ ಹೇಳಿದ್ದಾರೆ. ಮಗುವಿನಿಂದ ತಾಯಿಯನ್ನು ಕಿತ್ತುಕೊಳ್ಳುವವನಾಗಿದ್ರೆ ಆ ನಾಗನಿಗೆ ನಾವು ಯಾಕೆ ಹಾಲೆರೆಯಬೇಕು?"

ನಲ್ಲಿ ತಿರುಗಿಸಿ ನೀರು ನಿಲ್ಲಿಸಿದಳು. ಆಮೇಲೆ, "ನಿಮಗೆ ಹೆದರಿಕೆ ಇಲ್ವಾ?"

"ಉಂಟು. ಬಾ, ಹೆದರಿಕೊಂಡೇ ಕೂರುವ."

ನನ್ನ ಬ್ಯಾಗ್, ಇಬ್ಬರ ಚಪ್ಪಲಿ ಇವರ ಕೈಗೆ ಕೊಟ್ಟು ಮತ್ತೆ ಲೈನು. ಈ ಸಲ ಅವಳೇ ನನ್ನ ಕೈ ಹಿಡಿದಿದ್ದಳು. ಬರಿಗಾಲಲ್ಲಿ ಹತ್ತಿದೆವು. ಕಬ್ಬಿಣದ ಪಟ್ಟಿ ಎದೆಗೆ ಬಂದು ಕೂತಿತು. ಟಕ ಟಕ ಟಕ ಅಂತ ಮೇಲೆ. ಮೇಲಿನಿಂದ ಗುಡ್ಡ, ಹೈವೇ, ಕೆಳಗೆ ಇರುವೆಯಷ್ಟು ಇವರು. ನಾಗಪ್ಪಾ, ನಾನು ಮಾಡಿದ್ದು ನನ್ನ ತಲೆಗಿರಲಿ, ಈ ಮಗುವಿನ ತಂಟೆಗೆ ಬರಬೇಡ ಅಂತ ಜೋರಾಗಿಯೇ ಹೇಳಿಬಿಟ್ಟೆ. ಪಕ್ಕದಿಂದ ಅವಳೂ, "ಇವರ ತಂಟೆಗೂ ಬರಬೇಡ!"

ಇವರ ಅಂದರೆ ನನ್ನ.

ಅಷ್ಟರಲ್ಲಿ ಕೆಳಗೆ ಬಿದ್ದೆವು. ಗವಿಯ ಒಳಗೆ, ಕತ್ತಲೆ. ನಾನು ಕಿರುಚಿದ್ದು ಏನಂತ ಗೊತ್ತಿಲ್ಲ, ನನ್ನ ಸತ್ತ ಅಜ್ಜಿಯನ್ನೂ ಕರೆದಿರಬೇಕು. ತೃಪ್ತಿ ಕಿರುಚಿದ್ದು ಮಾತ್ರ ಕೇಳಿತು. "ಮಮ್ಮೀ!" ಅದು ನನಗಲ್ಲ, ಜಯಲತಾಳಿಗೆ. ಅದು ಹಾಗೇ ಇರಬೇಕು. ಕೇಳಿ ನನಗೆ ಬೇಸರವಾಗಲಿಲ್ಲ. ಆ ಕತ್ತಲೆಯಲ್ಲಿ ಅವಳ ಉಗುರು ನನ್ನ ಅಂಗೈಯಲ್ಲಿ ನೆಟ್ಟಿತ್ತು. ಈಗಲೂ ಗುರುತಿದೆ.

ಇಳಿದವಳೇ ಓಡಿದಳು. ಇವರು ಎರಡು ಬ್ಯಾಗ್, ನಮ್ಮ ಎರಡು ಜೊತೆ ಚಪ್ಪಲಿ ಹಿಡಿದು ನಿಂತಿದ್ದರು. ಮುಟ್ಟಿ, ಮುಖ ನೋಡಿ, ನನ್ನ ಕಡೆ ತಿರುಗಿ ಕೂಗಿದಳು. "ಪಪ್ಪ ಸರಿ ಇದ್ದಾರೆ!"

"ನನಗೆಂಥ ಆಗ್ಬೇಕು?" ಅಂದರು ಇವರು.

ವಾಪಸು ಲೋಕಲಿನಲ್ಲಿ ನನ್ನ ಭುಜದ ಮೇಲೆ ನಿದ್ದೆ. ಎಚ್ಚರವಿದ್ದಾಗಲೇ ತಲೆ ಇಟ್ಟದ್ದು.

ಮೇ 21

ಅತ್ತೆಗೆ ಹೇಳಲೇಬೇಕಿತ್ತು. ಮುಚ್ಚಿಡುವ ವಿಷಯವೇ? ಬೆಳಗ್ಗೆ ನಾನೇ ಹೇಳಿದೆ, ತೃಪ್ತಿ ದೊಡ್ಡವಳಾದಳು ಅಂತ. ಅತ್ತೆಗೆ ಸಂತೋಷವೋ ಸಂತೋಷ. ಮೊಮ್ಮಗಳ ಕೆನ್ನೆ ಹಿಡಿದರು. ಎಳ್ಳೆಣ್ಣೆ ಎಲ್ಲಿ, ಊರಕೋಳಿಯ ಮೊಟ್ಟೆ ಡೋಂಬಿವಲಿಯಲ್ಲಿ ಎಲ್ಲಿ ಸಿಗ್ತದೆ ಅಂತ ಗಲಾಟೆ.

"ಯಾವಾಗ ಆದದ್ದು?"

ತೃಪ್ತಿ ನನ್ನ ಮುಖ ನೋಡಿದಳು. ಸುಳ್ಳು ಬರದ ಹುಡುಗಿ. ನಾನೇ ಹೇಳಿದೆ. "ನಿನ್ನೆ, ಪಾರ್ಕಲ್ಲಿ. ನಾನೂ ಹೊರಗಿದ್ದೆ, ಅತ್ತೆ. ನಿಮಗೆ ಹೇಳಿರಲಿಲ್ಲ. ಇಬ್ಬರೂ ಹತ್ತಿದೆವು."

ಅತ್ತೆ ಮೊಮ್ಮಗಳ ಕೆನ್ನೆಯಿಂದ ಕೈ ತೆಗೆದರು. ಆಮೇಲೆ ಶುರು. "ಬುದ್ಧಿ ಉಂಟಾ ನಿನಗೆ? ನಾಗನ ತಲೆ ಮೇಲೆ ಕೂತ್ಕೊಂಡು ಬಂದ್ರಾ ಇಬ್ರೂ? ಈ ಮನೆ ಹಾಳು ಮಾಡ್ಲಿಕ್ಕೇ ಬಂದದ್ದಾ ನೀನು? ಹುಡುಗಿಯನ್ನು ಒಂದು ದಿನ ಇಲ್ಲಿ ಬಿಡುವುದಿಲ್ಲ ನಾನು!"

ಇವರು "ಅಮ್ಮ, ಸಾಕು" ಅಂದರು. ಯಾರು ಕೇಳುತ್ತಾರೆ.

ತೃಪ್ತಿ ಚಾಪೆಯಿಂದ ಎದ್ದು ನಿಂತಳು. "ಅಜ್ಜಿ, ಮಮ್ಮಿಯನ್ನು ನಾಗ ಕೊಂದದ್ದಾ?"

ಕಿಚನ್ನಿನಲ್ಲಿ ಕುಕ್ಕರು ಕೂಗಿತು.

"ಯಾರು ಹೇಳಿದ್ದು?"

"ನೀವೇ ಅಜ್ಜಿ. ಚಂದವ್ವನ ಹತ್ತಿರ. ನಿನ್ನೆ ಪಪ್ಪನೂ ಸಾಯ್ತಾರೆ ಅಂತ ನಾನು ಅಳ್ತಿದ್ದೆ."

ಅತ್ತೆ ಕಿಚನ್ನಿನ ಹೊಸ್ತಿಲಲ್ಲೇ ಕುಸಿದು ಕೂತರು. ಅಷ್ಟು ಗಟ್ಟಿ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅತ್ತದ್ದನ್ನು ನಾನು ನೋಡಿರಲಿಲ್ಲ. "ಇಲ್ಲ ಮಗಾ… ಇಲ್ಲ. ಕಾಮಾಲೆ ಅದು. ಊರಿಂದ ಸೊಪ್ಪಿನ ಮದ್ದು ತರಿಸಿ ಕೊಟ್ಟದ್ದು ನಾನು. ಇದರಲ್ಲೇ ಗುಣ ಆಗ್ತದೆ, ಆಸ್ಪತ್ರೆ ಬೇಡ ಅಂದದ್ದೂ ನಾನೇ. ಆಮೇಲೆ ಕರ್ಕೊಂಡು ಹೋಗುವಾಗ ತಡ ಆಗಿತ್ತು. ನನ್ನ ಕೈಯಿಂದ ಹೋಯ್ತು ಅಂತ ಹೇಗೆ ಹೇಳ್ಲಿ? ನಾಗನ ಮೇಲೆ ಹಾಕಿದೆ. ಅವನು ತಡ್ಕೊಳ್ತಾನೆ ಅಂತ."

ಇವರು ಗೋಡೆಗೆ ಮುಖ ಮಾಡಿ ನಿಂತರು. ತೃಪ್ತಿ ಹೋಗಿ ಅಜ್ಜಿಯನ್ನು ತಬ್ಬಿಕೊಂಡಳು. ಹೊರಗಾದವಳು, ಅಡುಗೆಮನೆಯ ಹೊಸ್ತಿಲಲ್ಲೇ. ಅತ್ತೆ ದೂಡಲಿಲ್ಲ. ಇನ್ನೂ ಗಟ್ಟಿ ಹಿಡಿದುಕೊಂಡರು.

ಮಧ್ಯಾಹ್ನ ಮೊಟ್ಟೆ, ಎಳ್ಳೆಣ್ಣೆ ಬಂತು. ಎರಡು ತಟ್ಟೆಯಲ್ಲಿ. "ನೀನೂ ತಿನ್ನು. ಸೊಂಟಕ್ಕೆ ಒಳ್ಳೆಯದು" ಅಂದರು, ನನ್ನ ಮುಖ ನೋಡದೆ.

ಮೇ 26

ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. ತೃಪ್ತಿ ಪಕ್ಕದಲ್ಲಿ ಕೂತು ತಾನೂ ಆರಿಸಿದಳು. ಸ್ವಲ್ಪ ಹೊತ್ತಿನ ಮೇಲೆ, "ಅಜ್ಜಿ, ನಾನು ದೀಪಾವಳಿ ರಜೆಗೆ ಬರ್ತೇನೆ."

ಅತ್ತೆಯ ಕೈ ನಿಲ್ಲಲಿಲ್ಲ. "ಬಾ. ದೀಪಾವಳಿಗೆ ಬಾ. ಎಲ್ರೂ ಬನ್ನಿ." ಆಮೇಲೆ ಇವರ ಕಡೆ ತಿರುಗಿ, "ಪೂವಪ್ಪಾ, ಆ ಒಂದು ಟಿಕೆಟ್ ಕ್ಯಾನ್ಸಲ್ ಮಾಡು."

ನಾನು ಬಾಲ್ಕನಿಗೆ ಹೋಗಿ, ಒಣಗಿದ ಬಟ್ಟೆಗಳನ್ನು ಮಡಚಿದೆ. ಒಣಗದ್ದನ್ನೂ ಮಡಚಿದೆನಂತೆ, ಆಮೇಲೆ ಇವರು ಹೇಳಿದರು.

ಮೇ 31

ಠಾಣೆ ರೈಲ್ವೆ ಸ್ಟೇಷನ್. ಗಾಡಿ ನಿಲ್ಲುವ ಅಷ್ಟೇ ಹೊತ್ತಿನಲ್ಲಿ ಅತ್ತೆ, ಎರಡು ಚೀಲ, ಬಂಡೆಯಷ್ಟು ಭಾರದ ಒಂದು ಟ್ರಂಕ್ ಹತ್ತಿಸಬೇಕು. ಹತ್ತಿಸಿದೆವು. ಕಿಟಕಿಯಿಂದ ನನ್ನ ಕೈ ಎಳೆದುಕೊಂಡರು.

"ಆ ರೈಲಿನ ನಾಗ ಅಲ್ಲೇ ಇರಲಿ, ತೆಗೀಬೇಡ. ಆ ಮೂರು ದಿನ ದೀಪ ಪೂವಪ್ಪ ಇಡಲಿ. ಅವನಿಗೂ ಕೈ ಉಂಟಲ್ಲ. ನೀವಿಬ್ರೂ ಆರಾಮ ಕೂತ್ಕೊಳ್ಳಿ."

ಹ್ಞೂಂ ಅಂದೆ. ಗಾಡಿ ಹೊರಟಿತು. ತೃಪ್ತಿ ಪ್ಲಾಟ್‌ಫಾರ್ಮ್ ಮುಗಿಯುವವರೆಗೆ ಕಿಟಕಿಯ ಜೊತೆ ಓಡಿದಳು. ತಿರುಗಿ ಬರುವಾಗ ಅತ್ತು ಅತ್ತು ಮೂಗು ಕೆಂಪು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಅಜ್ಜಿಗಾಗಿ ಅಳಬೇಡವೇ? ಕರ್ಚೀಫ್ ಕೊಟ್ಟೆ, ಅಷ್ಟೇ.

ಜೂನ್ 22, ಭಾನುವಾರ

ಎಷ್ಟು ದಿನವಾಯಿತು ಬರೆಯದೆ. ಶಾಲೆ ಶುರುವಾಗಿ ಪುಸ್ತಕಕ್ಕೆ ಬೈಂಡು ಹಾಕುವುದು, ಯೂನಿಫಾರ್ಮ್ ಉದ್ದ ಮಾಡಿಸುವುದು… ಇವಳು ಬೆಳೆಯುತ್ತಿರುವ ವೇಗ ನೋಡಿದರೆ ದೀಪಾವಳಿಗೆ ಮತ್ತೆ ಹೊಲಿಸಬೇಕು.

ನಾನು ನಿನ್ನೆಯಿಂದ ಹೊರಗೆ. ಈಗ ಹೊರಗೆ ಅಂದರೆ ದೇವರ ಸ್ಟ್ಯಾಂಡಿಗೆ ಹೋಗುವುದಿಲ್ಲ, ಅಷ್ಟೇ. ಅದು ನನ್ನ ಮನಸ್ಸಿಗೆ. ಇವರು ದೀಪ ಇಟ್ಟರು, ಎಣ್ಣೆ ಚೆಲ್ಲಿದರು, ಐದು ಹೆಡೆಗೂ ಒಂದೊಂದು ಕುಂಕುಮ ಹಚ್ಚಿದರು. ತೃಪ್ತಿ ಚಹಾ ತಂದು ಕೈಗೇ ಕೊಟ್ಟಳು. "ಫುಟ್‌ಪಟ್ಟಿ ಎಲ್ಲಿ?" ಅಂದೆ. ತಿರುಗಿ ಒಂದು ನೋಟ ಬಿಟ್ಟಳು ನೋಡು, ಥೇಟ್ ಅವಳ ಅಜ್ಜಿ.

ಇನ್ನೂ ನನ್ನನ್ನು ಏನಂತಲೂ ಕರೆಯುವುದಿಲ್ಲ. ಹತ್ತಿರ ಬಂದು ಕೆಮ್ಮುವುದು ಹಾಗೇ ಉಂಟು. ಉಳಿದಿದ್ದಾಳಲ್ಲ, ಸಾಕು. ಕೆಮ್ಮಿನಲ್ಲೂ ಈಗ ಬಗೆಬಗೆ ಗುರುತಾಗುತ್ತದೆ ನನಗೆ, ಹಸಿವಿನದ್ದು ಬೇರೆ, ಮೊಬೈಲ್ ಬೇಕಾದದ್ದು ಬೇರೆ.

ಈಗ ಸ್ನಾನಕ್ಕೆ ಹೋಗಿದ್ದಾಳೆ. ಒಳಗಿಂದ ಏನೋ ಕರೆಯುತ್ತಿದ್ದಾಳೆ. ಇವರನ್ನಿರಬೇಕು… ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಲೋಲಮ್ಮಾ!"

ಯಾರಪ್ಪ ಇದು ಲೋಲಮ್ಮ? ಈ ಬಿಲ್ಡಿಂಗಿನಲ್ಲಿ ಆ ಹೆಸರಿನವರು ಯಾರೂ ಇಲ್ಲ.

"ಲೋಲಮ್ಮಾ, ನನಗೂ ಆಯ್ತು! ಬೇಗ ಬನ್ನಿ, ಪ್ಯಾಡ್ ತನ್ನಿ!"

ಮುಚ್ಚಿದ ಬಾಗಿಲಿನ ಒಳಗಿಂದ ಕೆಮ್ಮಿದರೆ ಆಗುತ್ತದೆಯೇ, ಕರೆಯಲೇಬೇಕಲ್ಲ. ನನ್ನ ಅರ್ಧ ಹೆಸರಿಗೆ ಅಮ್ಮ ಸೇರಿಸಿ, ನನ್ನನ್ನೇ. ಇವರು ಪೇಪರ್ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಾರೆ, ಅಳ್ತೀಯಾ ಅಂತ ಕೇಳುತ್ತಿದ್ದಾರೆ. ಅಳುವುದೆಲ್ಲಿ, ಪುರುಸೊತ್ತೆಲ್ಲಿ — ಬಂದೆ ಮಾರಾಯ್ತಿ, ಬಂದೆ, ಪೆನ್ನಿನ ಮುಚ್ಚಳ ಎಲ್ಲಿ ಹೋಯಿತೋ